ಷೇಕ್ಸ್‌ಪಿಯರ್: ಒಂದು ಮನೆತನದ ಹೆಸರಿನ ಚರಿತ್ರೆ

ಆಂಗ್ಲ ಮಹಾಕವಿ ಷೇಕ್ಸ್‌ಪಿಯರನ ನಾಟಕಗಳನ್ನು ಕುರಿತು ಬಲ್ಲವರು ಬರೆದಿರುವ ಗ್ರಂಥಗಳೇ ಒಂದು ದೊಡ್ಡ ಗ್ರಂಥಾಲಯವನ್ನು ತುಂಬುವಷ್ಟಿವೆ. ಅವುಗಳ ಸಾಲಿಗೆ ಮತ್ತೊಂದು ವಿಮರ್ಶೆಯನ್ನು ಸೇರಿಸುವ ಯೋಗ್ಯತೆಯಾಗಲಿ ಉದ್ದೇಶವಾಗಲಿ ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯಾದ ನನಗಿಲ್ಲ. ಆದರೆ ಆತನ ನಾಟಕಗಳನ್ನು ಪಠ್ಯವಾಗಿ ಓದುತ್ತಿರುವಾಗ ಒಂದು ಸಣ್ಣ ವಿಷಯ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಅದು ಆತನ ಹೆಸರು. ಹೆಸರೆಂದರೆ ತಂದೆತಾಯಿಗಳಿಟ್ಟ ವಿಲಿಯಂ ಎಂಬುದಲ್ಲ. ಹುಟ್ಟಿನೊಡನೆ ಬೆನ್ನಿಗೆ ಬಂದ ಷೇಕ್ಸ್‌ಪಿಯರ್ ಎಂಬ ಮನೆತನದ ಹೆಸರು. ಇಂದು ಓದುಬರಹ ಬಲ್ಲ ಬಹುಮಂದಿ ಕೇಳಿರುವ ಈ ಹೆಸರು ಆತನ ಕಾಲದಲ್ಲಿ ಮುಖ್ಯವಾಗಿ ಮಧ್ಯ ಇಂಗ್ಲೆಂಡಿನ ಕೆಲವು ಹಳ್ಳಿಗಳ ಒಕ್ಕಲು ಮನೆಗಳಲ್ಲಿದ್ದ ವಿರಳವಾದ ಹೆಸರು. ವಿರಳವಷ್ಟೇ ಅಲ್ಲ, ದೊಡ್ಡವರ ನಡುವೆ ಹಗುರವಾಗಿ ಕಾಣುತ್ತಿದ್ದ ಹೆಸರು. ಅದು ಎಲ್ಲಿಂದ ಬಂದಿತು, ಯಾರ ಯಾರ ಲೇಖನಿಯಲ್ಲಿ ಏನೇನಾಯಿತು, ಕವಿಯ ಸ್ವಂತ ಮನೆಯಲ್ಲಿ ಹೇಗೆ ಮುಗಿಯಿತು, ಮುಗಿದ ಮೇಲೂ ಹೇಗೆ ಉಳಿಯಿತು ಎಂಬುದನ್ನು ಕವಿಯ ಜೀವನದೊಡನೆ ಹೆಣೆದು ಹೇಳಲು ಇಲ್ಲಿ ಯತ್ನಿಸಿದ್ದೇನೆ.

ಇಂಗ್ಲೆಂಡಿನಲ್ಲಿ ಮನೆತನದ ಹೆಸರುಗಳು ಮೊದಲಿನಿಂದಲೂ ಇದ್ದವಲ್ಲ. ನಾರ್ಮನ್ನರು ಆ ದೇಶವನ್ನು ಗೆದ್ದ ೧೦೬೬ರ ಅನಂತರ, ಮೂರು ನಾಲ್ಕು ಶತಮಾನಗಳ ಅವಧಿಯಲ್ಲಿ ಅವು ಮೆಲ್ಲಮೆಲ್ಲನೆ ನೆಲೆಗೊಂಡವು. ಕಂದಾಯದ ಲೆಕ್ಕಕ್ಕೆ, ಆಸ್ತಿಯ ಹಕ್ಕಿಗೆ, ನ್ಯಾಯಸ್ಥಾನದ ಬರಹಕ್ಕೆ ಒಬ್ಬ ಜಾನನನ್ನು ಮತ್ತೊಬ್ಬ ಜಾನನಿಂದ ಬೇರ್ಪಡಿಸಬೇಕಾಯಿತು. ಹೀಗೆ ಹುಟ್ಟಿದ ಹೆಸರುಗಳನ್ನು ಪಂಡಿತರು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ: ಊರಿನಿಂದ ಬಂದವು, ತಂದೆಯ ಹೆಸರಿನಿಂದ ಬಂದವು, ಕಸುಬಿನಿಂದ ಬಂದವು, ನೆರೆಹೊರೆಯವರು ಹಾಸ್ಯಕ್ಕೋ ಮೆಚ್ಚಿಕೆಗೋ ಕಟ್ಟಿದ ಅಡ್ಡಹೆಸರಿನಿಂದ ಬಂದವು. ಸ್ಮಿತ್ ಎಂದರೆ ಕಮ್ಮಾರ, ಟೇಲರ್ ಎಂದರೆ ಸಿಂಪಿಗ, ಜಾನ್ಸನ್ ಎಂದರೆ ಜಾನನ ಮಗ. ನಮ್ಮ ಉತ್ತರ ಕರ್ನಾಟಕದ ಮಿತ್ರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿಯೂ ಕುಂಬಾರ, ಬಡಿಗೇರ ಎಂದು ಕಸುಬಿನ ಹೆಸರುಗಳಿವೆ. ಹುಬ್ಬಳ್ಳಿ, ಬಾಗಲಕೋಟಿ ಎಂದು ಊರಿನ ಹೆಸರುಗಳಿವೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಕೇಳಿದವರಿಗೆ ನಗೆ ತರಿಸುವ ಹೆಸರುಗಳೂ ಇವೆ. ಹಳೆಯ ಮೈಸೂರಿನ ಕಡೆಯ ಸಹಪಾಠಿಗಳು ಮಾತ್ರ ಊರಿನ ಒಂದಕ್ಷರ, ತಂದೆಯ ಒಂದಕ್ಷರಗಳಲ್ಲಿ ಇಡೀ ವಂಶವನ್ನು ಅಡಗಿಸಿಟ್ಟುಕೊಂಡಿರುತ್ತಾರೆ.

ಷೇಕ್ಸ್‌ಪಿಯರ್ ಎಂಬುದು ನಾಲ್ಕನೆಯ ಬಗೆಯ ಹೆಸರು. ಷೇಕ್ ಎಂದರೆ ಅಲ್ಲಾಡಿಸು, ಸ್ಪಿಯರ್ ಎಂದರೆ ಈಟಿ. ಎರಡೂ ಕೂಡಿ ಈಟಿಯನ್ನು ಝಳಪಿಸುವವನು ಎಂಬ ಅರ್ಥ. ಮೊದಲಿಗೆ ಇದು ಯಾವನೋ ಸಿಪಾಯಿಗೆ ಬಂದ ಹೆಸರಿರಬಹುದು. ಮಾತಿಗೆ ಮೊದಲು ಆಯುಧವನ್ನೆತ್ತುವ ಜಗಳಗಂಟನಿಗೆ ಊರವರು ಕಟ್ಟಿದ ಹೆಸರೂ ಇರಬಹುದು. ಇದೇ ಅಚ್ಚಿನ ಹೆಸರುಗಳು ಆ ನಾಡಿನಲ್ಲಿ ಮತ್ತೂ ಕೆಲವಿವೆ. ಕೋಲನ್ನು ಅಲ್ಲಾಡಿಸುವ ವ್ಯಾಗ್‌ಸ್ಟಾಫ್ ಒಬ್ಬ. ಈಟಿಯನ್ನು ಮುರಿಯುವ ಬ್ರೇಕ್‌ಸ್ಪಿಯರ್ ಇನ್ನೊಬ್ಬ. ಈ ಕೊನೆಯ ಮನೆತನದಲ್ಲಿ ಹುಟ್ಟಿದ ನಿಕೊಲಸ್ ಎಂಬಾತ ೧೧೫೪ರಲ್ಲಿ ನಾಲ್ಕನೆಯ ಏಡ್ರಿಯನ್ ಎಂಬ ಹೆಸರಿನಿಂದ ರೋಮಿನ ಪೋಪ್ ಪದವಿಗೇರಿದ. ಆ ಪೀಠವನ್ನೇರಿದ ಇಂಗ್ಲಿಷರು ಆತನೊಬ್ಬನೇ. ಈಟಿಯ ಹೆಸರಿನವರೆಲ್ಲರೂ ಹೀಗೆ ಧನ್ಯರಾಗಲಿಲ್ಲ. ಷೇಕ್ಸ್‌ಪಿಯರ್ ಎಂಬ ಹೆಸರು ಬರಹದಲ್ಲಿ ಮೊಟ್ಟಮೊದಲು ದೊರೆಯುವುದು ೧೨೪೮ರಲ್ಲಿ, ಗ್ಲಾಸ್ಟರ್ ಪ್ರಾಂತದ ಕ್ಲಾಪ್ಟನ್ ಎಂಬ ಹಳ್ಳಿಯವನೊಬ್ಬನ ವಿಷಯವಾಗಿ. ಅವನ ಹೆಸರೂ ವಿಲಿಯಂ. ಕಳ್ಳತನದ ಅಪರಾಧಕ್ಕಾಗಿ ಅವನನ್ನು ನೇಣಿಗೆ ಹಾಕಿದರೆಂಬುದೇ ಆ ದಾಖಲೆ. ಅವನಿಗೂ ಕವಿಗೂ ನೆಂಟಸ್ತಿಕೆಯಿತ್ತೆಂದು ಹೇಳಲು ಆಧಾರವಿಲ್ಲ. ಆದರೆ ಕವಿಯ ಊರಿನಿಂದ ಕೆಲವೇ ಮೈಲಿಗಳಾಚೆ, ಕವಿಯ ಪೂರ್ಣ ನಾಮಧೇಯವನ್ನೇ ಹೊತ್ತವನೊಬ್ಬ ಗಲ್ಲುಗಂಬದಿಂದ ಚರಿತ್ರೆಯೊಳಕ್ಕೆ ಬಂದನೆಂಬುದು ವಿಚಿತ್ರವಾದರೂ ಸತ್ಯ.

ಮುಂದಿನ ಎರಡು ಮೂರು ಶತಮಾನಗಳಲ್ಲಿ ಈ ಹೆಸರು ಇಂಗ್ಲೆಂಡಿನಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಕಾಣಿಸಿಕೊಂಡರೂ ಅದು ಬೇರೂರಿದ್ದು ವಾರಿಕ್ ಪ್ರಾಂತದಲ್ಲಿ. ನಾಡಿನ ನಡುಮಧ್ಯದ ಆ ಪ್ರಾಂತದ ಉತ್ತರ ಭಾಗದಲ್ಲಿ ಆಗ ಆರ್ಡೆನ್ ಎಂಬ ದೊಡ್ಡ ಕಾಡು ಪ್ರದೇಶವಿತ್ತು. ಆ ಕಾಡಿನ ಸೀಮೆಯ ರೌಯಿಂಗ್ಟನ್, ರಾಕ್ಸಾಲ್, ಬಾಲ್ಸಾಲ್ ಮೊದಲಾದ ಹಳ್ಳಿಗಳಲ್ಲಿ ಷೇಕ್ಸ್‌ಪಿಯರರು ಹರಡಿಕೊಂಡಿದ್ದರು. ನೋಲ್ ಎಂಬ ಊರಿನಲ್ಲಿ ಸಂತ ಆನಳ ಹೆಸರಿನ ಧಾರ್ಮಿಕ ಸಂಘವೊಂದಿತ್ತು. ಅದರ ೧೫ನೆಯ ಶತಮಾನದ ಸದಸ್ಯರ ಪಟ್ಟಿಯಲ್ಲಿ ಈ ಮನೆತನದ ಗಂಡಸರೂ ಹೆಂಗಸರೂ ಹಲವರಿದ್ದಾರೆ. ೧೬ನೆಯ ಶತಮಾನದ ಆರಂಭದಲ್ಲಿ ರಾಕ್ಸಾಲಿನ ಸನ್ಯಾಸಿನಿಯರ ಮಠಕ್ಕೆ ಇಸಬೆಲಾ ಷೇಕ್ಸ್‌ಪಿಯರ್ ಎಂಬಾಕೆ ಮುಖ್ಯಸ್ಥೆಯಾಗಿದ್ದಳು. ಉಳಿದವರು ಬಹುಮಟ್ಟಿಗೆ ಗೇಣಿಯ ರೈತರು, ಸಣ್ಣಪುಟ್ಟ ಕಸುಬುದಾರರು.

ಇಲ್ಲಿ ಹ್ಯೂ ಎಂಬ ಒಬ್ಬನ ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಆತ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮರ್ಟನ್ ಕಾಲೇಜಿನ ವಿದ್ವಾಂಸ. ೧೪೮೭ರ ಆ ಕಾಲೇಜಿನ ದಾಖಲೆಯಲ್ಲಿ ಆತನ ವಿಷಯ ಬರುತ್ತದೆ. ಹುಟ್ಟು ಹೆಸರು ಷೇಕ್ಸ್‌ಪಿಯರ್ ಆಗಿದ್ದುದನ್ನು ಆತ ಸಾಂಡರ್ಸ್ ಎಂದು ಬದಲಾಯಿಸಿಕೊಂಡ. ದಾಖಲೆ ಕಾರಣವನ್ನೂ ಮುಚ್ಚಿಡದೆ ಕೊಟ್ಟಿದೆ: ಮೊದಲಿನ ಹೆಸರು ನೀಚವೆಂದು ಎಣಿಸಲ್ಪಟ್ಟಿತ್ತು. ಕವಿ ಹುಟ್ಟುವುದಕ್ಕೆ ೭೭ ವರ್ಷ ಮೊದಲು, ಪಂಡಿತರ ಪಂಕ್ತಿಯಲ್ಲಿ ಕುಳಿತುಕೊಳ್ಳಲು ಷೇಕ್ಸ್‌ಪಿಯರ್ ಎಂಬ ಹೆಸರು ತಕ್ಕದ್ದಲ್ಲವೆಂದು ತೋರಿತು!

ಈ ಸಂಗತಿಯನ್ನು ಓದಿದಾಗ ನನಗೆ ಬರಿಯ ಕುತೂಹಲವಾಗಲಿಲ್ಲ. ನಮ್ಮ ಮನೆಯ ಅಡ್ಡಹೆಸರೂ ಕಸುಬನ್ನು ಹೇಳುವ ಹೆಸರೇ. ನನ್ನ ಅಜ್ಜನ ಕಾಲದವರೆಗೆ ನಮ್ಮವರು ತೊಗಲು ಹದಮಾಡುತ್ತಿದ್ದರು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಾಲೇಜಿಗೆ ಸೇರುವ ಕಾಲಕ್ಕೆ ಹಿತೈಷಿಗಳೊಬ್ಬರು, ಅಡ್ಡಹೆಸರನ್ನು ಕೈಬಿಟ್ಟು ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಇಟ್ಟುಕೊಂಡರೆ ಮುಂದೆ ಅನುಕೂಲವಾದೀತೆಂದು ಸೂಚಿಸಿದರು. ಅವರ ಮಾತಿನಲ್ಲಿ ಕೇಡಿನ ಎಣಿಕೆಯಿರಲಿಲ್ಲ. ಲೋಕವನ್ನು ಕಂಡವರ ಎಚ್ಚರಿಕೆಯಷ್ಟೇ ಇದ್ದಿತು. ಹೊಸ ಊರಿನಲ್ಲಿ ಹೆಸರು ಕೇಳಿದವರು ಪೂರ್ತಿ ಹೆಸರೇನೆಂದು ಮತ್ತೊಮ್ಮೆ ಏಕೆ ಕೇಳುತ್ತಾರೆಂಬುದು ನಮ್ಮಂಥವರಿಗೆ ಬೇಗ ತಿಳಿಯುತ್ತದೆ. ಆದುದರಿಂದ ಹ್ಯೂ ಸಾಂಡರ್ಸನನ್ನು ನಾನು ಹಳಿಯಲಾರೆ. ಆದರೆ ಅವನು ಬಿಟ್ಟು ಹೋದ ಹೆಸರನ್ನು ಎತ್ತಿಕೊಂಡವರ ಕಥೆಯನ್ನು ಹೇಳಬೇಕೆಂಬ ಆಸೆ ನನಗೆ ಅಂದೇ ಹುಟ್ಟಿತು.

ಕವಿಯ ಅಜ್ಜ ರಿಚರ್ಡ್ ಷೇಕ್ಸ್‌ಪಿಯರ್ ಸ್ನಿಟರ್‌ಫೀಲ್ಡ್ ಎಂಬ ಹಳ್ಳಿಯ ಗೇಣಿದಾರ. ಆತ ಉಳುತ್ತಿದ್ದ ನೆಲ ರಾಬರ್ಟ್ ಆರ್ಡೆನ್ ಎಂಬ ಸ್ಥಿತಿವಂತನದು. ಜಮೀನಿನ ದಾಖಲೆಗಳಲ್ಲಿ ಒಂದೆಡೆ ರಿಚರ್ಡನ ಹೆಸರು ಷೇಕ್‌ಸ್ಟಾಫ್ ಎಂದಿದೆ. ಈಟಿ ಹೋಗಿ ಕೋಲು ಬಂದರೂ ಬರೆದವನಿಗೆ ಚಿಂತೆಯಿಲ್ಲ, ಬರೆಸಿಕೊಂಡವನಿಗೂ ತಕರಾರಿಲ್ಲ! ಹೆಸರಿನ್ನೂ ಹಸಿಮಣ್ಣಿನಂತೆ ಹಿಡಿದವರ ಕೈಯಲ್ಲಿ ರೂಪ ತಾಳುತ್ತಿದ್ದ ಕಾಲವದು. ರಿಚರ್ಡನ ಮಗ ಜಾನ್ ಹೊಲವನ್ನು ಬಿಟ್ಟು ನಾಲ್ಕು ಮೈಲಿ ದೂರದ ಸ್ಟ್ರಾಟ್‌ಫರ್ಡ್ ಪಟ್ಟಣಕ್ಕೆ ಬಂದ. ಏವನ್ ನದಿಯ ದಂಡೆಯ ಆ ಪಟ್ಟಣದಲ್ಲಿ ಆತ ಕೈಗೊಂಡ ಕಸುಬು ತೊಗಲನ್ನು ಹದಮಾಡಿ ಕೈಗವಸುಗಳನ್ನು ಹೊಲಿಯುವುದು. ಪಟ್ಟಣದ ದಾಖಲೆಗಳಲ್ಲಿ ಆತನ ಹೆಸರು ಮೊದಲು ಬರುವುದು ೧೫೫೨ರಲ್ಲಿ. ಹೆನ್ಲಿ ಬೀದಿಯಲ್ಲಿ ತಿಪ್ಪೆ ಹಾಕಿದುದಕ್ಕಾಗಿ ಒಂದು ಷಿಲಿಂಗ್ ದಂಡ ತೆತ್ತವನೆಂದು.

ಅಲ್ಲಿಂದ ಜಾನನ ಏಳಿಗೆ ಬಲು ಬೇಗ ಸಾಗಿತು. ತಂದೆ ಯಾರ ನೆಲವನ್ನು ಗೇಣಿಗೆ ಉಳುತ್ತಿದ್ದನೋ ಆ ರಾಬರ್ಟ್ ಆರ್ಡೆನನ ಮಗಳು ಮೇರಿಯನ್ನೇ ಜಾನ್ ಕೈಹಿಡಿದ. ಪೌರಸಭೆಯಲ್ಲಿ ಒಂದೊಂದೇ ಅಧಿಕಾರ ಕೈಗೆ ಬಂದು ೧೫೬೮ರಲ್ಲಿ ಬೇಲಿಫ್, ಅಂದರೆ ನಗರಾಧ್ಯಕ್ಷ, ಆದ. ಇಷ್ಟಾದರೂ ಆತನ ಸಹಿ ಎಲ್ಲಿಯೂ ಸಿಕ್ಕಿಲ್ಲ. ಕಾಗದಪತ್ರಗಳ ಮೇಲೆ ಆತ ಹಾಕುತ್ತಿದ್ದುದು ಕಸುಬಿನ ಉಪಕರಣವಾದ ಕೈವಾರದ ಚಿತ್ರವನ್ನು, ಇಲ್ಲವೆ ಬರಿಯ ಗುರುತನ್ನು. ಮೇರಿಯೂ ಗುರುತನ್ನೇ ಹಾಕುತ್ತಿದ್ದಳು. ನನ್ನ ತಂದೆ ಹೆಬ್ಬೆಟ್ಟು ಒತ್ತುವುದನ್ನು ಚಿಕ್ಕಂದಿನಿಂದ ನೋಡಿ ಬೆಳೆದವನು ನಾನು. ಜಗತ್ತಿನ ನಾಟಕಕಾರರಲ್ಲಿ ಶ್ರೇಷ್ಠನೆನಿಸಿಕೊಂಡವನ ಮನೆಯಲ್ಲಿಯೂ ತಂದೆತಾಯಿಗಳ ಹೆಸರನ್ನು ಗುಮಾಸ್ತ ಬರೆಯುತ್ತಿದ್ದನೆಂದು ತಿಳಿದಾಗ ಆ ಮನೆ ನನಗೆ ಅಷ್ಟು ದೂರದ್ದೆಂದು ತೋರಲಿಲ್ಲ.

ಜಾನ್ ಮತ್ತು ಮೇರಿಯರಿಗೆ ಮೊದಲು ಹುಟ್ಟಿದ ಇಬ್ಬರು ಹೆಣ್ಣುಮಕ್ಕಳು ಎಳೆತನದಲ್ಲಿಯೇ ತೀರಿಕೊಂಡರು. ಮೂರನೆಯವನಾದ ವಿಲಿಯಮನಿಗೆ ೧೫೬೪ನೆಯ ಏಪ್ರಿಲ್ ೨೬ರಂದು ದೀಕ್ಷಾಸ್ನಾನವಾಯಿತು. ಆ ಬೇಸಗೆಯಲ್ಲಿಯೇ ಪ್ಲೇಗು ಊರನ್ನು ಹೊಕ್ಕು ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ತೊಟ್ಟಿಲ ಕೂಸು ಅದು ಹೇಗೋ ಉಳಿಯಿತು. ಬಾಲಕ ಓದಿದ್ದು ಊರಿನ ಶಾಲೆಯಲ್ಲೆಂದು ಎಲ್ಲರೂ ಒಪ್ಪುತ್ತಾರೆ. ಅಲ್ಲಿ ಕಲಿಸುತ್ತಿದ್ದುದು ಮುಖ್ಯವಾಗಿ ಲ್ಯಾಟಿನ್. ವಿಶ್ವವಿದ್ಯಾನಿಲಯಕ್ಕೆ ಆತ ಹೋಗಲಿಲ್ಲ. ವಿಲಿಯಂ ಹನ್ನೆರಡು ಹದಿಮೂರರ ಹುಡುಗನಾಗಿದ್ದಾಗ ತಂದೆಯ ಕೈ ಇಳಿಯತೊಡಗಿತು. ಸಭೆಗಳಿಗೆ ಹೋಗುವುದು ನಿಂತಿತು. ೧೫೭೮ರಲ್ಲಿ ಹೆಂಡತಿಯ ಕಡೆಯಿಂದ ಬಂದ ಆಸ್ತಿ ಅಡವಾಯಿತು. ೧೫೮೬ರಲ್ಲಿ ಪೌರಸಭೆ ಆತನ ಸ್ಥಾನವನ್ನು ಬೇರೊಬ್ಬರಿಗೆ ಕೊಟ್ಟಿತು.

೧೫೮೨ರ ನವೆಂಬರಿನಲ್ಲಿ, ಹದಿನೆಂಟು ವರ್ಷದ ವಿಲಿಯಂ ತನಗಿಂತ ಎಂಟು ವರ್ಷ ಹಿರಿಯಳಾದ ಆನ್ ಹ್ಯಾಥವೇಯನ್ನು ಮದುವೆಯಾದ. ವೂಸ್ಟರ್ ಪಟ್ಟಣದ ಧರ್ಮಾಧಿಕಾರಿಯ ಕಚೇರಿಯಲ್ಲಿ ಒಂದರ ಮರುದಿನ ಇನ್ನೊಂದು ಬರೆದ ಎರಡು ಕಾಗದಗಳಲ್ಲಿ ವರನ ಹೆಸರು ಎರಡು ಬಗೆ. ಒಂದರಲ್ಲಿ ಷಾಕ್ಸ್‌ಪೆರ್, ಇನ್ನೊಂದರಲ್ಲಿ ಷಾಗ್‌ಸ್ಪೆರ್. ವಧುವಿನ ಮನೆತನವಂತೂ ಒಂದರಲ್ಲಿ ಹ್ಯಾಥವೇ, ಇನ್ನೊಂದರಲ್ಲಿ ವೇಟ್ಲಿ! ಅಂಕಪಟ್ಟಿಯಲ್ಲೊಂದು ಪಡಿತರ ಚೀಟಿಯಲ್ಲೊಂದು ಹೆಸರಾಗಿ, ಪ್ರಮಾಣಪತ್ರಕ್ಕಾಗಿ ಕಚೇರಿಗಳಿಗೆ ಅಲೆದ ನಮ್ಮ ಮಿತ್ರರು ಇದನ್ನು ಓದಿ ಸಮಾಧಾನಪಟ್ಟುಕೊಳ್ಳಬಹುದು. ಅಂದಿನ ಕಾಗುಣಿತಕ್ಕೆ ಕಟ್ಟುಪಾಡಿರಲಿಲ್ಲ. ಈ ಹೆಸರನ್ನು ಬರೆದ ರೀತಿಗಳು ಎಂಬತ್ತಕ್ಕೂ ಹೆಚ್ಚೆಂದು ಎಣಿಸಿದವರು ಹೇಳುತ್ತಾರೆ. ಕವಿಯ ಸ್ವಹಸ್ತದ್ದೆಂದು ಒಪ್ಪಿರುವ ಸಹಿಗಳು ಆರು ಮಾತ್ರ: ೧೬೧೨ರ ಒಂದು ಸಾಕ್ಷ್ಯಪತ್ರದಲ್ಲಿ ಒಂದು, ೧೬೧೩ರ ಮನೆಪತ್ರಗಳಲ್ಲಿ ಎರಡು, ಮರಣಶಾಸನದಲ್ಲಿ ಮೂರು. ಅವುಗಳಲ್ಲಿ ಒಂದಾದರೂ ಇಂದು ನಾವು ಇಂಗ್ಲಿಷಿನಲ್ಲಿ ಬರೆಯುವ ಹೆಸರಿಗೆ ಅಕ್ಷರಶಃ ಹೊಂದುವುದಿಲ್ಲ.

೧೫೮೩ರಲ್ಲಿ ಸುಸಾನಾ ಎಂಬ ಮಗಳೂ ೧೫೮೫ರಲ್ಲಿ ಹ್ಯಾಮ್ನೆಟ್ ಮತ್ತು ಜೂಡಿತ್ ಎಂಬ ಅವಳಿ ಮಕ್ಕಳೂ ಹುಟ್ಟಿದರು. ಅನಂತರದ ಕೆಲವು ವರ್ಷಗಳ ಬಗೆಗೆ ದಾಖಲೆಗಳು ಬಹುಮಟ್ಟಿಗೆ ಮೌನವಾಗಿವೆ. ೧೫೯೨ರ ಹೊತ್ತಿಗೆ ವಿಲಿಯಂ ಲಂಡನ್ನಿನಲ್ಲಿದ್ದ; ನಟನಾಗಿ, ನಾಟಕಗಳನ್ನು ಬರೆಯುವವನಾಗಿ ಹೆಸರು ಮಾಡತೊಡಗಿದ್ದ. ಇದು ನಮಗೆ ತಿಳಿಯುವುದು ಒಬ್ಬನ ಹೊಟ್ಟೆಕಿಚ್ಚಿನಿಂದ. ರಾಬರ್ಟ್ ಗ್ರೀನ್ ಎಂಬ ನಾಟಕಕಾರ ಕೇಂಬ್ರಿಜ್ ಮತ್ತು ಆಕ್ಸ್‌ಫರ್ಡ್ ಎರಡೂ ವಿದ್ಯಾಪೀಠಗಳ ಪದವೀಧರ. ಬಡತನದಲ್ಲಿ ಆತ ಆ ವರ್ಷ ಸತ್ತ ಮೇಲೆ ಆತನ ಹೆಸರಿನಲ್ಲಿ ಹೊರಬಂದ ಪುಸ್ತಿಕೆಯೊಂದು, ಪದವಿಯಿಲ್ಲದ ಒಬ್ಬ ನಟ ಪಂಡಿತಕವಿಗಳ ಗರಿಗಳನ್ನು ಸಿಕ್ಕಿಸಿಕೊಂಡು ಮೆರೆಯುತ್ತಿದ್ದಾನೆಂದು ಮೂದಲಿಸಿತು. ಹೆಸರನ್ನು ನೇರವಾಗಿ ಹೇಳದೆ, ಈಟಿಯ ಜಾಗದಲ್ಲಿ ರಂಗಮಂಚವನ್ನಿಟ್ಟು, ರಂಗವನ್ನು ಅಲ್ಲಾಡಿಸುವವನೆಂದು ತಿರುಚಿತು. ಹ್ಯೂ ಸಾಂಡರ್ಸ್ ಅಂಜಿದ್ದ ಅಪಹಾಸ್ಯ ಇದೇ. ಅದು ನೂರು ವರ್ಷಗಳ ತರುವಾಯ ಅದೇ ಹೆಸರಿನ ಇನ್ನೊಬ್ಬನ ಪಾಲಿಗೆ ಅಚ್ಚಿನಲ್ಲಿಯೇ ಬಂದಿತು.

ಅದಕ್ಕೆ ವಿಲಿಯಂ ಹೆಸರನ್ನು ಬದಲಾಯಿಸಲಿಲ್ಲ. ಮರುವರ್ಷವೇ, ೧೫೯೩ರಲ್ಲಿ, ವೀನಸ್ ಮತ್ತು ಅಡೋನಿಸ್ ಎಂಬ ಕಾವ್ಯವನ್ನು ಪ್ರಕಟಿಸಿ, ಸೌತಾಂಪ್ಟನ್ನಿನ ಶ್ರೀಮಂತನಿಗೆ ಬರೆದ ಅರ್ಪಣೆಯ ಕೆಳಗೆ ತನ್ನ ಪೂರ್ಣ ನಾಮಧೇಯವನ್ನು ಅಚ್ಚು ಹಾಕಿಸಿದ. ಅದನ್ನು ಮುದ್ರಿಸಿದ ರಿಚರ್ಡ್ ಫೀಲ್ಡನೂ ಸ್ಟ್ರಾಟ್‌ಫರ್ಡಿನವನೇ. ಅವನ ತಂದೆಯೂ ತೊಗಲು ಹದಮಾಡುವವನೇ. ಎರಡು ತೊಗಲಿನ ಮನೆಗಳ ಹುಡುಗರು ಕೂಡಿ ಆ ಹೆಸರಿಗೆ ಇಂದಿನ ಕಾಗುಣಿತವನ್ನು ಕೊಟ್ಟರು. ಅಚ್ಚುಮೊಳೆಗಳಲ್ಲಿ ಎರಡು ಅಕ್ಷರಗಳ ಬಾಲಗಳು ಒಂದಕ್ಕೊಂದು ತಾಗಿ ಮುರಿಯದಿರಲೆಂದು ನಡುವೆ ಇನ್ನೊಂದು ಅಕ್ಷರವನ್ನು ಸೇರಿಸಿದರೆಂದೂ ಅದರಿಂದಲೇ ಇಂದಿನ ಕಾಗುಣಿತ ನೆಲೆಗೊಂಡಿತೆಂದೂ ಕೆಲವರು ಊಹಿಸುತ್ತಾರೆ. ೧೫೯೪ರಲ್ಲಿ ಆತ ಲಾರ್ಡ್ ಚೇಂಬರ್ಲೇನನ ನಾಟಕ ಮಂಡಳಿಯಲ್ಲಿ ಪಾಲುಗಾರನಾದ. ೧೫೯೮ರಿಂದ ನಾಟಕಗಳ ಮುಖಪುಟಗಳ ಮೇಲೂ ಆತನ ಹೆಸರು ಕಾಣಿಸತೊಡಗಿತು. ಹೆಸರಿದ್ದರೆ ಪುಸ್ತಕ ಮಾರಾಟವಾಗುತ್ತದೆಂಬುದು ಮುದ್ರಕರಿಗೆ ತಿಳಿದಿದ್ದಿತು.

ಈ ಮನೆತನದ ಕಥೆಯಲ್ಲಿ ೧೫೯೬ರಷ್ಟು ಕಠಿಣವಾದ ವರ್ಷ ಮತ್ತೊಂದಿಲ್ಲ. ಆಗಸ್ಟ್ ೧೧ರಂದು ಒಬ್ಬನೇ ಮಗ ಹ್ಯಾಮ್ನೆಟನನ್ನು ಸ್ಟ್ರಾಟ್‌ಫರ್ಡಿನಲ್ಲಿ ಮಣ್ಣು ಮಾಡಿದರು. ಅವನಿಗೆ ಹನ್ನೊಂದು ವರ್ಷ. ಅದಾಗಿ ಎರಡು ತಿಂಗಳು ಕಳೆದ ಮೇಲೆ, ಅಕ್ಟೋಬರ್ ೨೦ರಂದು, ಲಂಡನ್ನಿನ ಲಾಂಛನಾಧಿಕಾರಿಗಳು ಜಾನ್ ಷೇಕ್ಸ್‌ಪಿಯರನಿಗೆ ವಂಶಲಾಂಛನವನ್ನು ದಯಪಾಲಿಸಿದರು. ಚಿನ್ನದ ಬಣ್ಣದ ಗುರಾಣಿ. ಅದರ ಮೇಲೆ ಓರೆಯಾಗಿ ಕಪ್ಪು ಪಟ್ಟಿ. ಪಟ್ಟಿಯ ಮೇಲೆ ಬೆಳ್ಳಿಮೊನೆಯ ಈಟಿ. ನೆತ್ತಿಯ ಮೇಲೆ ಈಟಿಯನ್ನು ಹಿಡಿದು ನಿಂತ ಡೇಗೆ. ಹಾಸ್ಯಕ್ಕೆ ಗುರಿಯಾಗಿದ್ದ ಹೆಸರನ್ನೇ ಚಿತ್ರವಾಗಿ ಬರೆಸಿ ಎತ್ತಿ ಹಿಡಿದ ಹಾಗಾಯಿತು. ಸಾಲಕ್ಕೆ ಅಂಜಿ ಮುಖ ಮರೆಸಿಕೊಂಡಿದ್ದ ತಂದೆ ಇಳಿವಯಸ್ಸಿನಲ್ಲಿ ಮಗನ ದುಡಿಮೆಯಿಂದ ಗೌರವಸ್ಥನೆನಿಸಿದ. ಆದರೆ ಲಾಂಛನವೆಂಬುದು ಗಂಡುಮಕ್ಕಳಿಂದ ಗಂಡುಮಕ್ಕಳಿಗೆ ಸಾಗಬೇಕಾದ ಸೊತ್ತು. ಅದನ್ನು ಹೊರಬೇಕಾಗಿದ್ದ ಮೊಮ್ಮಗ ಆಗಲೇ ಮಣ್ಣಿನಲ್ಲಿದ್ದ. ಆ ಡಿಸೆಂಬರಿನಲ್ಲಿ ಜಾನನ ತಮ್ಮ ಹೆನ್ರಿಯೂ ತೀರಿಕೊಂಡ.

ಮರುವರ್ಷ ಕವಿ ಊರಿನಲ್ಲಿ ನ್ಯೂ ಪ್ಲೇಸ್ ಎಂಬ ದೊಡ್ಡ ಮನೆಯನ್ನು ಕೊಂಡ. ೧೫೯೯ರಲ್ಲಿ ಗ್ಲೋಬ್ ರಂಗಮಂದಿರ ಎದ್ದಿತು. ೧೬೦೦ರ ಆಚೀಚೆ, ತೀರಿಹೋದ ಮಗನ ಹೆಸರಿಗೆ ತೀರ ಹತ್ತಿರವಾದ ಹೆಸರುಳ್ಳ ಹ್ಯಾಮ್ಲೆಟ್ ನಾಟಕ ಹುಟ್ಟಿತು. ಆ ಹೆಸರು ಹಳೆಯ ಕಥೆಯಿಂದಲೇ ಬಂದದ್ದು, ನಿಜ. ಆದರೂ ತಂದೆಯ ಪ್ರೇತ ಮಗನೊಡನೆ ಮಾತನಾಡುವ ಆ ದೃಶ್ಯಗಳನ್ನು ಮಗನನ್ನು ಕಳೆದುಕೊಂಡ ತಂದೆ ಬರೆದನೆಂಬುದನ್ನು ಮರೆತು ಓದುವುದು ನನಗಂತೂ ಸಾಧ್ಯವಾಗಿಲ್ಲ. ೧೬೦೧ರಲ್ಲಿ ಜಾನ್ ತೀರಿಕೊಂಡ. ೧೬೦೨ರಲ್ಲಿ ರಾಲ್ಫ್ ಬ್ರೂಕ್ ಎಂಬ ಲಾಂಛನಾಧಿಕಾರಿ, ತನ್ನ ಮೇಲಧಿಕಾರಿಗಳು ಯೋಗ್ಯತೆಯಿಲ್ಲದವರಿಗೆಲ್ಲ ಲಾಂಛನಗಳನ್ನು ಹಂಚಿದ್ದಾರೆಂದು ಆಕ್ಷೇಪವೆತ್ತಿ, ಅಂಥವರ ಪಟ್ಟಿಯಲ್ಲಿ ನಟ ಷೇಕ್ಸ್‌ಪಿಯರನ ಹೆಸರನ್ನೂ ಸೇರಿಸಿದ. ಆ ಹೊತ್ತಿಗೆ ಕವಿ ಇಪ್ಪತ್ತಕ್ಕೂ ಮಿಕ್ಕಿ ನಾಟಕಗಳನ್ನು ಬರೆದಿದ್ದ! ಮೇಲೇರಿದವನ ಹಳೆಯ ಮೆಟ್ಟಿಲನ್ನು ಎಣಿಸಿ ತೋರಿಸುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಮರುವರ್ಷ ಸಿಂಹಾಸನವನ್ನೇರಿದ ಮೊದಲನೆಯ ಜೇಮ್ಸ್ ದೊರೆ ಅದೇ ನಟನ ಮಂಡಳಿಯನ್ನು ತನ್ನ ಸ್ವಂತ ಮಂಡಳಿಯಾಗಿ ಸ್ವೀಕರಿಸಿದ. ಲಿಯರ್ ದೊರೆ, ಮ್ಯಾಕ್‌ಬೆತ್ ಮೊದಲಾದ ಕೃತಿಗಳು ಹುಟ್ಟಿದ್ದು ಅದರ ಅನಂತರ.

ಇತ್ತ ಮನೆ ಒಂದೊಂದಾಗಿ ಬರಿದಾಗುತ್ತಿದ್ದಿತು. ಲಂಡನ್ನಿಗೆ ಬಂದು ನಟನಾಗಿದ್ದ ಕಿರಿಯ ತಮ್ಮ ಎಡ್ಮಂಡ್ ೧೬೦೭ರ ಕೊನೆಯ ದಿನ ಮಣ್ಣು ಸೇರಿದ. ಅವನ ಕೂಸು ಅದೇ ವರ್ಷ ಅವನಿಗಿಂತ ಮುಂಚೆಯೇ ತೀರಿಕೊಂಡಿತ್ತು. ೧೬೧೨ರಲ್ಲಿ ಗಿಲ್ಬರ್ಟ್, ೧೬೧೩ರಲ್ಲಿ ರಿಚರ್ಡ್. ತಮ್ಮಂದಿರಲ್ಲಿ ಯಾರೂ ಗಂಡು ಸಂತಾನವನ್ನು ಉಳಿಸಿ ಹೋಗಲಿಲ್ಲ. ಜಾನನ ಗಂಡುಮಕ್ಕಳಲ್ಲಿ ಉಳಿದವನು ವಿಲಿಯಂ ಒಬ್ಬನೇ.

ಕವಿಯ ಮರಣಶಾಸನ ಸಿದ್ಧವಾದದ್ದು ೧೬೧೬ರ ಮಾರ್ಚ್ ೨೫ರಂದು. ಕಾನೂನಿನ ಒಣ ಭಾಷೆಯ ಆ ಬರಹದಲ್ಲಿ ನನ್ನ ಮನಸ್ಸನ್ನು ಕಲಕಿದ ಒಂದು ಭಾಗವಿದೆ. ಆಸ್ತಿಯ ಬಹುಭಾಗ ಹಿರಿಯ ಮಗಳು ಸುಸಾನಾಳಿಗೆ, ಆಕೆಯ ಅನಂತರ ಆಕೆಯ ಮೊದಲನೆಯ ಮಗನಿಗೆ, ಅವನಿಲ್ಲವಾದರೆ ಎರಡನೆಯ ಮಗನಿಗೆ, ಮೂರನೆಯವನಿಗೆ, ಹೀಗೆ ಏಳನೆಯ ಮಗನವರೆಗೆ ಒಬ್ಬೊಬ್ಬನನ್ನೂ ಎಣಿಸಿ ಬರೆಸಲಾಗಿದೆ. ಆ ಹೊತ್ತಿಗೆ ಸುಸಾನಾಳಿಗೆ ಇದ್ದದ್ದು ಎಲಿಜಬೆತ್ ಎಂಬ ಎಂಟು ವರ್ಷದ ಮಗಳು ಮಾತ್ರ. ಏಳು ಮಂದಿಯಲ್ಲಿ ಒಬ್ಬನೂ ಹುಟ್ಟಿರಲಿಲ್ಲ, ಮುಂದೆಯೂ ಹುಟ್ಟಲಿಲ್ಲ. ಇದರ ಮುಂದಿನ ತಿಂಗಳು, ಏಪ್ರಿಲ್ ೨೩ರಂದು, ಕವಿ ಐವತ್ತೆರಡರ ಪ್ರಾಯದಲ್ಲಿ ಕಣ್ಣು ಮುಚ್ಚಿದ. ಅಲ್ಲಿಗೆ ರಿಚರ್ಡನ ಮಗ ಜಾನನ ಮನೆಯಲ್ಲಿ ಷೇಕ್ಸ್‌ಪಿಯರ್ ಎಂಬ ಹೆಸರಿನ ಗಂಡುಕುಲ ಮುಗಿಯಿತು.

ಮಗಳು ಜೂಡಿತ್ ತಂದೆ ತೀರುವುದಕ್ಕೆ ಎರಡು ತಿಂಗಳ ಹಿಂದೆಯಷ್ಟೇ ತಾಮಸ್ ಕ್ವಿನಿ ಎಂಬವನನ್ನು ಮದುವೆಯಾಗಿದ್ದಳು. ಆಕೆಯೂ ಅಜ್ಜಅಜ್ಜಿಯರಂತೆ ಕಾಗದಕ್ಕೆ ಗುರುತು ಹಾಕುತ್ತಿದ್ದವಳು. ಹೆಸರನ್ನು ಬರೆಯಲಾರದ ಆ ಮಗಳು ಅದನ್ನು ಉಳಿಸಲು ತನಗೆ ತೋಚಿದ ದಾರಿಯನ್ನು ಹಿಡಿದಳು. ಆ ವರ್ಷದ ನವೆಂಬರಿನಲ್ಲಿ ಹುಟ್ಟಿದ ಚೊಚ್ಚಲ ಮಗನಿಗೆ ಷೇಕ್ಸ್‌ಪಿಯರ್ ಕ್ವಿನಿ ಎಂದು ಹೆಸರಿಟ್ಟರು. ತವರಿನ ಕುಲನಾಮವೇ ಮಗುವಿನ ನಾಮಕರಣದ ಹೆಸರಾಯಿತು. ೧೬೧೭ರ ಮೇ ತಿಂಗಳಲ್ಲಿ, ಆರು ತಿಂಗಳು ತುಂಬುವ ಮೊದಲೇ, ಆ ಕೂಸು ತೀರಿಕೊಂಡಿತು. ಮುಂದೆ ಹುಟ್ಟಿದ ಇಬ್ಬರು ಗಂಡುಮಕ್ಕಳೂ ೧೬೩೯ರಲ್ಲಿ, ಪ್ರಾಯಕ್ಕೆ ಬಂದ ವಯಸ್ಸಿನಲ್ಲಿ, ಕೆಲವೇ ವಾರಗಳ ಅಂತರದಲ್ಲಿ ಇಲ್ಲವಾದರು. ಜೂಡಿತ್ ಮಾತ್ರ ೧೬೬೨ರವರೆಗೆ ಬದುಕಿದಳು. ಸುಸಾನಾಳ ಮಗಳು ಎಲಿಜಬೆತ್ ಎರಡು ಬಾರಿ ಮದುವೆಯಾದರೂ ಮಕ್ಕಳಿಲ್ಲದೆ ೧೬೭೦ರಲ್ಲಿ ತೀರಿಕೊಂಡಳು. ಅಲ್ಲಿಗೆ ಕವಿಯ ನೇರ ಸಂತಾನವೇ ನಿಂತುಹೋಯಿತು.

ಕವಿಯ ತಂಗಿ ಜೋನಳ ಸಂತತಿ ಮಾತ್ರ ಹಾರ್ಟ್ ಎಂಬ ಗಂಡನ ಮನೆತನದ ಹೆಸರಿನಲ್ಲಿ ಮುಂದುವರಿಯಿತು. ಕವಿ ಹುಟ್ಟಿದ ಹೆನ್ಲಿ ಬೀದಿಯ ಮನೆ ೧೮೦೬ರವರೆಗೆ ಅವರ ಕೈಯಲ್ಲಿದ್ದಿತು; ಆ ಕುಲದವರೂ ಮಕ್ಕಳಿಗೆ ಷೇಕ್ಸ್‌ಪಿಯರ್ ಎಂದು ಹೆಸರಿಟ್ಟದ್ದುಂಟು. ಹೀಗಾಗಿ ಇಂದು ಇಂಗ್ಲೆಂಡಿನ ಮಧ್ಯಪ್ರಾಂತಗಳಲ್ಲಿ ಹೆಚ್ಚಾಗಿಯೂ ಇತರೆಡೆ ಚದರಿದಂತೆಯೂ ಕಾಣುವ ಷೇಕ್ಸ್‌ಪಿಯರರಲ್ಲಿ ಕವಿಯ ನೇರ ಪೀಳಿಗೆಯವರು ಒಬ್ಬರೂ ಇಲ್ಲ. ಅವರು ಆ ಹಳೆಯ ಹಳ್ಳಿಗಳ ಬೇರೆ ಬೇರೆ ಒಕ್ಕಲುಗಳ ಕವಲುಗಳು. ಅಂಥ ಒಂದು ಒಕ್ಕಲು ಮನೆಯಲ್ಲಿ, ಲೆಸ್ಟರ್ ಪ್ರಾಂತದಲ್ಲಿ, ೧೭೭೪ರಲ್ಲಿ ಹುಟ್ಟಿದ ಜಾನ್ ಷೇಕ್ಸ್‌ಪಿಯರ್ ಎಂಬಾತನ ಹೆಸರು ಭಾರತೀಯರಾದ ನಾವು ತಿಳಿಯತಕ್ಕದ್ದು. ಆತ ಹಿಂದೂಸ್ತಾನಿ ಭಾಷೆಯ ವ್ಯಾಕರಣವನ್ನೂ ೧೮೧೭ರಲ್ಲಿ ದೊಡ್ಡ ನಿಘಂಟನ್ನೂ ರಚಿಸಿ, ಈಸ್ಟ್ ಇಂಡಿಯಾ ಕಂಪನಿಯ ಕೆಡೆಟ್‌ಗಳಿಗೆ ಆ ಭಾಷೆಯನ್ನು ಕಲಿಸುತ್ತಿದ್ದ ವಿದ್ವಾಂಸ. ೧೮೫೬ರಲ್ಲಿ ಕವಿಯ ಜನ್ಮಗೃಹದ ರಕ್ಷಣೆಗಾಗಿ ಆತ ದೊಡ್ಡ ಮೊತ್ತವನ್ನು ಕೊಟ್ಟ. ನಾಲ್ಕು ಶತಮಾನಗಳ ಹಿಂದೆ ಒಬ್ಬ ವಿದ್ವಾಂಸನಿಗೆ ಬೇಡವಾದ ಹೆಸರಿಗೆ ಇನ್ನೊಬ್ಬ ವಿದ್ವಾಂಸ ಹೀಗೆ ಕಾಣಿಕೆ ಸಲ್ಲಿಸಿದ.

ಹಾಗಾದರೆ ಹೆಸರನ್ನು ಉಳಿಸಿದವರು ಯಾರು? ಮರಣಶಾಸನದ ಏಳು ಗಂಡುಮಕ್ಕಳಲ್ಲ; ಈಟಿಯ ಲಾಂಛನವೂ ಅಲ್ಲ. ಕವಿ ತೀರಿದ ಏಳು ವರ್ಷಗಳಿಗೆ, ೧೬೨೩ರಲ್ಲಿ, ಆತನೊಡನೆ ಬಣ್ಣ ಹಚ್ಚಿದ್ದ ಹೆಮಿಂಗ್ಸ್ ಮತ್ತು ಕಾಂಡೆಲ್ ಎಂಬ ಇಬ್ಬರು ನಟರು ೩೬ ನಾಟಕಗಳನ್ನು ಒಟ್ಟುಗೂಡಿಸಿ ಒಂದೇ ಸಂಪುಟವಾಗಿ ಹೊರತಂದರು. ಅವುಗಳಲ್ಲಿ ೧೮ ಅದುವರೆಗೆ ಅಚ್ಚನ್ನು ಕಂಡಿರಲಿಲ್ಲ. ಮ್ಯಾಕ್‌ಬೆತ್, ಜೂಲಿಯಸ್ ಸೀಸರ್, ಬಿರುಗಾಳಿಯ ಕಥೆಯಾದ ಟೆಂಪೆಸ್ಟ್ ಆ ಹದಿನೆಂಟರಲ್ಲಿ ಸೇರಿದವು. ಗೆಳೆಯರಿಬ್ಬರು ಈ ಶ್ರಮವನ್ನು ವಹಿಸದಿದ್ದರೆ ಈಟಿ ಝಳಪಿಸುವ ಈ ಹೆಸರು ವಾರಿಕ್ ಪ್ರಾಂತದ ಹಳೆಯ ಕಡತಗಳಲ್ಲಿ ತಿಪ್ಪೆಯ ದಂಡದ ಪಕ್ಕದಲ್ಲಿಯೇ ಬಹುಮಟ್ಟಿಗೆ ಉಳಿಯುತ್ತಿದ್ದಿತೋ ಏನೋ.

ಕನ್ನಡಕ್ಕೂ ಆ ಹೆಸರು ಬಂದ ದಾರಿ ಅದೇ. ಬಸವಪ್ಪಶಾಸ್ತ್ರಿಗಳು ಒಥೆಲೋವನ್ನು ಶೂರಸೇನ ಚರಿತ್ರೆಯಾಗಿಸಿದರು, ಕುವೆಂಪು ಅವರು ಹ್ಯಾಮ್ಲೆಟನ ಕಥೆಯನ್ನು ಬಿದನೂರಿಗೆ ತಂದು ರಕ್ತಾಕ್ಷಿಯನ್ನು ಬರೆದರು, ಡಿ. ವಿ. ಗುಂಡಪ್ಪನವರು ಮ್ಯಾಕ್‌ಬೆತನ್ನೂ ಮಾಸ್ತಿಯವರು ಲಿಯರನನ್ನೂ ಕನ್ನಡಿಸಿದರು. ನಮ್ಮವರು ಶೇಕ್ಸ್‌ಪಿಯರ್ ಎಂದೂ ಷೇಕ್ಸ್‌ಪಿಯರ್ ಎಂದೂ ಶೇಕ್ಸ್‌ಪೀಯರ್ ಎಂದೂ ಬರೆಯುವುದನ್ನು ಕಂಡು, ಯಾವುದು ಸರಿಯೆಂದು ಸಹಪಾಠಿಗಳು ಚರ್ಚಿಸುವುದುಂಟು. ಎಂಬತ್ತು ರೀತಿಗಳಿಗೆ ಇನ್ನೂ ಮೂರು ಸೇರಿದರೆ ಸ್ವತಃ ಆರು ಬಗೆಯಾಗಿ ಸಹಿ ಹಾಕಿದವನು ಆಕ್ಷೇಪಿಸಲಾರನೆಂದು ನನ್ನ ಅಭಿಪ್ರಾಯ.

ನಮ್ಮಲ್ಲಿ ಹಲವರು ಈ ವರ್ಷ ಪದವೀಧರರಾಗುವವರು. ಹಲವರ ಮನೆಗಳಲ್ಲಿ ಅದು ಮೊದಲನೆಯ ಪದವಿ. ಪದವಿಪತ್ರದ ಅರ್ಜಿಯಲ್ಲಿ ಹೆಸರಿನ ಅಂಕಣವನ್ನು ತುಂಬುವಾಗ ನಾನು ಅಜ್ಜನ ಕಸುಬನ್ನು ಹೇಳುವ ಅಡ್ಡಹೆಸರನ್ನು ಬಿಡಿಸಿ ಪೂರ್ತಿಯಾಗಿಯೇ ಬರೆದಿದ್ದೇನೆ. ಬೇರೆ ರೀತಿ ಮಾಡಿದವರ ಮೇಲೆ ನನಗೆ ದೂರಿಲ್ಲ. ಪ್ರತಿಯೊಬ್ಬರ ಹೊರೆಯ ಭಾರ ಅವರವರಿಗೇ ಗೊತ್ತು. ಹೆಸರಿಗೆ ತನ್ನಷ್ಟಕ್ಕೆ ಮೇಲುಕೀಳುಗಳಿಲ್ಲ, ಅದನ್ನು ಹೊತ್ತವರ ಕೆಲಸವೇ ಅದಕ್ಕೆ ಅರ್ಥವನ್ನು ತುಂಬುತ್ತದೆ ಎಂಬುದಕ್ಕೆ ಈ ಒಂದು ಮನೆತನದ ಚರಿತ್ರೆಗಿಂತ ಹೆಚ್ಚಿನ ಸಾಕ್ಷ್ಯ ನನಗೆ ಬೇಕೆನಿಸಲಿಲ್ಲ.

ಸ್ಟ್ರಾಟ್‌ಫರ್ಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಕವಿಯ ಸಮಾಧಿಯಿದೆ. ಪಕ್ಕದ ಗೋಡೆಯಲ್ಲಿ ಆತನ ಪ್ರತಿಮೆಯೂ ಹೆಸರೂ ಇವೆ. ಆದರೆ ದೇಹದ ಮೇಲೆ ಹಾಸಿದ ನೆಲದ ಕಲ್ಲಿನಲ್ಲಿರುವುದು ಎಲುಬುಗಳನ್ನು ಕದಲಿಸಬೇಡಿರೆಂದು ಬೇಡುವ ನಾಲ್ಕು ಸಾಲುಗಳು ಮಾತ್ರ. ಆ ಕಲ್ಲಿನ ಮೇಲೆ ಷೇಕ್ಸ್‌ಪಿಯರ್ ಎಂಬ ಹೆಸರೇ ಇಲ್ಲ.